ಅಲೆಕ್ಸಾಂಡರ್ ನೆವ್‌ಸ್ಕಿ

ಯುದ್ಧದಲ್ಲಿ ಗೆದ್ದವರ ಹೆಸರುಗಳು ಇತಿಹಾಸದಲ್ಲಿ ಹೇರಳವಾಗಿವೆ. ಆದರೆ ಎಲ್ಲಿ ಕತ್ತಿಯನ್ನು ಹಿರಿಯಬೇಕು, ಎಲ್ಲಿ ಅದನ್ನು ಒರೆಯಲ್ಲಿಯೇ ಇರಿಸಬೇಕು ಎಂಬುದನ್ನು ಅರಿತು ನಡೆದ ಸೇನಾನಿಗಳು ವಿರಳ. ಹದಿಮೂರನೆಯ ಶತಮಾನದ ರಷ್ಯದಲ್ಲಿ ಬಾಳಿದ ಅಲೆಕ್ಸಾಂಡರ್ ನೆವ್‌ಸ್ಕಿ ಅಂಥ ವಿರಳರಲ್ಲಿ ಒಬ್ಬನೆಂದು ಅವನ ನಾಡಿನ ಜನರು ಶತಮಾನಗಳಿಂದ ನಂಬಿದ್ದಾರೆ. ಪಶ್ಚಿಮದಿಂದ ಬಂದ ಶತ್ರುಗಳನ್ನು ಅವನು ರಣರಂಗದಲ್ಲಿ ಎದುರಿಸಿ ಸೋಲಿಸಿದನು. ಪೂರ್ವದಿಂದ ಬಂದ, ಅವರಿಗಿಂತಲೂ ಬಹು ಪ್ರಬಲನಾದ ಶತ್ರುವಿನ ಮುಂದೆ ತಲೆಬಾಗಿ ಕಪ್ಪವನ್ನು ಒಪ್ಪಿಸಿದನು. ಈ ಎರಡು ನಡೆಗಳೂ ಒಂದೇ ಉದ್ದೇಶದಿಂದ ಹೊಮ್ಮಿದುವೇ ಎಂಬ ಪ್ರಶ್ನೆಗೆ ಉತ್ತರ ದೊರೆಯಬೇಕಾದರೆ ಅವನ ಬಾಳನ್ನೂ ಅವನು ಬಾಳಿದ ಕಾಲವನ್ನೂ ಒಟ್ಟಾಗಿ ನೋಡಬೇಕು.

ಆ ಕಾಲದಲ್ಲಿ ರಷ್ಯವೆಂಬುದು ಒಂದೇ ಛತ್ರದ ಅಡಿಯಲ್ಲಿದ್ದ ರಾಜ್ಯವಾಗಿರಲಿಲ್ಲ. ಹಿಂದೆ ಕೀವ್ ನಗರವನ್ನು ಕೇಂದ್ರವಾಗಿಟ್ಟುಕೊಂಡು ಬೆಳೆದಿದ್ದ ದೊಡ್ಡ ರಾಜ್ಯವು ಹನ್ನೆರಡನೆಯ ಶತಮಾನದಲ್ಲಿ ಒಡೆದು ಹಲವು ಸಂಸ್ಥಾನಗಳಾಗಿ ಹಂಚಿಹೋಗಿತ್ತು. ಅವುಗಳ ಅರಸರು ರೂರಿಕ್ ಎಂಬ ಒಬ್ಬನೇ ಮೂಲಪುರುಷನ ಸಂತತಿಯವರೆಂದು ಹೇಳಿಕೊಳ್ಳುತ್ತಿದ್ದರು. ಅವರ ಧರ್ಮವೂ ಒಂದೇ. ಅದು ಪೂರ್ವದೇಶದ ಸಾಂಪ್ರದಾಯಿಕ ಕ್ರೈಸ್ತಮತ. ಆದರೂ ಅಣ್ಣತಮ್ಮಂದಿರು, ದಾಯಾದಿಗಳು ಪಟ್ಟಕ್ಕಾಗಿ ಕಾದಾಡುವುದು ಸಾಮಾನ್ಯವಾಗಿತ್ತು. ಈಶಾನ್ಯ ಭಾಗದಲ್ಲಿ ವ್ಲಾದಿಮಿರ್ ನಗರದ ಮಹಾಪ್ರಭುವನ್ನು ಉಳಿದ ಅರಸರು ಹಿರಿಯನೆಂದು ಒಪ್ಪಿದ್ದರು. ಆ ಹಿರಿತನವೂ ಅವನ ತೋಳ್ಬಲ ಇದ್ದಷ್ಟು ದಿನ ಮಾತ್ರ ನಿಲ್ಲುತ್ತಿತ್ತು.

ಈ ಸಂಸ್ಥಾನಗಳ ನಡುವೆ ವಾಯವ್ಯದಲ್ಲಿದ್ದ ನೊವ್‌ಗೊರೊದ್ ನಗರವು ತನ್ನದೇ ಆದ ರೀತಿಯಲ್ಲಿ ಬೆಳೆದಿತ್ತು. ವೋಲ್ಖೊವ್ ನದಿಯ ಎರಡೂ ದಡಗಳಲ್ಲಿ ಹಬ್ಬಿದ್ದ ಆ ನಗರದ ವರ್ತಕರು ಉಣ್ಣೆಗೂದಲಿನ ತೊಗಲು, ಜೇನುಮೇಣ ಮೊದಲಾದ ಸರಕುಗಳನ್ನು ಬಾಲ್ಟಿಕ್ ಸಮುದ್ರದ ಮಾರ್ಗವಾಗಿ ಪಶ್ಚಿಮ ದೇಶಗಳಿಗೆ ಮಾರಿ ಧನಿಕರಾಗಿದ್ದರು. ಅಲ್ಲಿ ಅರಸನ ಮಾತೇ ಕೊನೆಯ ಮಾತಾಗಿರಲಿಲ್ಲ. ಗಂಟೆಯ ನಾದ ಕೇಳಿದೊಡನೆ ನಗರದ ಜನರು ‘ವೇಚೆ’ ಎಂಬ ಮಹಾಸಭೆಯಲ್ಲಿ ನೆರೆದು ನಗರದ ವ್ಯವಹಾರಗಳನ್ನು ನಿರ್ಣಯಿಸುತ್ತಿದ್ದರು. ಅರಸನೆಂದರೆ ಸೈನ್ಯವನ್ನು ನಡೆಸಲು ಹೊರಗಿನಿಂದ ಕರೆತಂದ ದಂಡನಾಯಕ. ಅವನು ಹಿತವಾಗದಿದ್ದರೆ ಜನರು ಅವನಿಗೆ ದಾರಿ ತೋರಿಸಿ, ಬೇರೊಬ್ಬನನ್ನು ಕರೆಸಿಕೊಳ್ಳುತ್ತಿದ್ದರು.

ಅಲೆಕ್ಸಾಂಡರನು 1221ರ ಸುಮಾರಿನಲ್ಲಿ ಪೆರೆಸ್ಲಾವ್ಲ್-ಜಲೆಸ್ಕಿ ಎಂಬ ಊರಿನಲ್ಲಿ ಜನಿಸಿದನು. ಅವನ ತಂದೆ ಯಾರೊಸ್ಲಾವ್ ವ್ಲಾದಿಮಿರ್ ಮನೆತನದ ಅರಸ. ಹಲವು ಬಾರಿ ನೊವ್‌ಗೊರೊದಿನ ದಂಡನಾಯಕನಾಗಿ ದುಡಿದವನು. ತಂದೆಯು ಬಾಲಕರಾದ ಅಲೆಕ್ಸಾಂಡರನನ್ನೂ ಅವನ ಅಣ್ಣ ಫ್ಯೋದರನನ್ನೂ ನೊವ್‌ಗೊರೊದಿನಲ್ಲಿಯೇ ಬಿಟ್ಟು ಬೆಳೆಸಿದ್ದುಂಟು. ಆ ನಗರದ ಜನರ ಸ್ವಾತಂತ್ರ್ಯಪ್ರೇಮವನ್ನೂ ಮುಂಗೋಪವನ್ನೂ ಬಾಲಕನು ಎಳೆಯ ವಯಸ್ಸಿನಲ್ಲಿಯೇ ಕಂಡನು. 1233ರಲ್ಲಿ ಅಣ್ಣನು ತೀರಿಕೊಂಡಾಗ ತಂದೆಯ ನಿರೀಕ್ಷೆಗಳೆಲ್ಲ ಕಿರಿಯವನ ಹೆಗಲೇರಿದುವು. 1236ರಲ್ಲಿ, ಇನ್ನೂ ಹದಿನೈದರ ಪ್ರಾಯದಲ್ಲಿರುವಾಗಲೇ, ಅಲೆಕ್ಸಾಂಡರನು ನೊವ್‌ಗೊರೊದಿನ ಅರಸನಾದನು.

ಮರುವರ್ಷವೇ ರಷ್ಯದ ಮೇಲೆ ಮಹಾವಿಪತ್ತು ಎರಗಿತು. ಚೆಂಗಿಜ್ ಖಾನನ ಮೊಮ್ಮಗನಾದ ಬಾತು ಖಾನನ ನೇತೃತ್ವದಲ್ಲಿ ಮಂಗೋಲರ ಅಶ್ವಸೈನ್ಯವು ಪೂರ್ವದಿಂದ ನುಗ್ಗಿ ಬಂದಿತು. 1237ರ ಡಿಸೆಂಬರಿನಲ್ಲಿ ರ‍್ಯಜಾನ್ ನಗರವು ಬೂದಿಯಾಯಿತು. 1238ರ ಫೆಬ್ರವರಿಯಲ್ಲಿ ವ್ಲಾದಿಮಿರ್ ಬಿದ್ದಿತು. ಮಾರ್ಚ್ ತಿಂಗಳಲ್ಲಿ ಸಿತ್ ನದಿಯ ತೀರದಲ್ಲಿ ನಡೆದ ಕಾಳಗದಲ್ಲಿ ಅಲೆಕ್ಸಾಂಡರನ ದೊಡ್ಡಪ್ಪನಾದ ಮಹಾಪ್ರಭು ಯೂರಿ ಮಡಿದನು. ನೊವ್‌ಗೊರೊದಿಗೆ ಹೋಗುವ ಹಾದಿಯಲ್ಲಿದ್ದ ತೊರ್ಜೋಕ್ ಪಟ್ಟಣವು ಎರಡು ವಾರಗಳ ಕಾಲ ಹೋರಾಡಿ ಕೊನೆಗೆ ಶತ್ರುವಶವಾಯಿತು. ಇನ್ನೇನು ನೊವ್‌ಗೊರೊದಿನ ಸರದಿ ಎನ್ನುವಷ್ಟರಲ್ಲಿ ಮಂಗೋಲರು ದಕ್ಷಿಣದತ್ತ ತಿರುಗಿದರು. ಮಂಜು ಕರಗುವ ವಸಂತಕಾಲ ಸಮೀಪಿಸಿ, ಅರಣ್ಯ ಮತ್ತು ಜೌಗುಗಳ ಆ ಸೀಮೆಯಲ್ಲಿ ಕುದುರೆಗಳು ಕೆಸರಿನಲ್ಲಿ ಹೂತುಹೋಗುವ ಭಯವಿತ್ತೆಂಬುದು ಅದಕ್ಕೆ ಹೇಳುವ ಮುಖ್ಯ ಕಾರಣ. 1240ರ ಡಿಸೆಂಬರಿನಲ್ಲಿ ಕೀವ್ ನಗರವೂ ನೆಲಸಮವಾಯಿತು.

ಪೂರ್ವವು ಹೀಗೆ ಹೊತ್ತಿ ಉರಿಯುತ್ತಿರುವಾಗ ಪಶ್ಚಿಮದ ಗಡಿಯೂ ಶಾಂತವಾಗಿರಲಿಲ್ಲ. ಸ್ವೀಡನ್ ದೇಶವು ಫಿನ್‌ಲೆಂಡಿನಲ್ಲಿ ತನ್ನ ಅಧಿಕಾರವನ್ನು ವಿಸ್ತರಿಸುತ್ತಿತ್ತು. ಬಾಲ್ಟಿಕ್ ತೀರದ ಲಿವೋನಿಯದಲ್ಲಿ ಜರ್ಮನ್ ಧರ್ಮಯೋಧರು ಕೋಟೆಗಳನ್ನು ಕಟ್ಟಿ ನೆಲೆಯೂರಿದ್ದರು. ಪೋಪನ ಆಶೀರ್ವಾದ ಪಡೆದ ಈ ಯೋಧರು ಸನ್ಯಾಸಿಗಳ ವ್ರತವನ್ನೂ ಸೈನಿಕರ ಆಯುಧವನ್ನೂ ಒಟ್ಟಿಗೆ ಧರಿಸಿದವರು. 1237ರಲ್ಲಿ ಅವರ ಪಂಗಡವು ಟ್ಯೂಟನಿಕ್ ಎಂಬ ಇನ್ನೂ ದೊಡ್ಡ ಪಂಗಡದೊಡನೆ ಕೂಡಿಕೊಂಡಿತು. ಬಾಲ್ಟಿಕ್ ವ್ಯಾಪಾರದ ಹಾದಿಯನ್ನು ಹಿಡಿಯುವುದು, ಅಲ್ಲಿನ ಜನರನ್ನು ರೋಮಿನ ಮತಕ್ಕೆ ತರುವುದು—ಈ ಎರಡು ಆಸೆಗಳೂ ಪಶ್ಚಿಮದ ಶಕ್ತಿಗಳನ್ನು ಪೂರ್ವಕ್ಕೆ ತಳ್ಳುತ್ತಿದ್ದುವು.

1240ರ ಜುಲೈ ತಿಂಗಳಲ್ಲಿ ಸ್ವೀಡನ್ನಿನ ಹಡಗುಗಳು ನೇವಾ ನದಿಯನ್ನು ಪ್ರವೇಶಿಸಿ, ಇಜೋರಾ ಎಂಬ ಉಪನದಿಯು ಅದನ್ನು ಕೂಡುವ ಸ್ಥಳದಲ್ಲಿ ಲಂಗರು ಹಾಕಿದುವು. ನೇವಾ ನದಿಯು ನೊವ್‌ಗೊರೊದಿಗೆ ಸಮುದ್ರದ ಬಾಗಿಲಿದ್ದಂತೆ. ಅದನ್ನು ಮುಚ್ಚಿದರೆ ನಗರದ ಉಸಿರೇ ಕಟ್ಟಿದಂತೆ. ಆ ತೀರವನ್ನು ಕಾಯುತ್ತಿದ್ದ ಇಜೋರ ಜನಾಂಗದ ಮುಖಂಡ ಪೆಲ್ಗುಸಿ ಎಂಬುವನು ಶತ್ರುಗಳ ಆಗಮನವನ್ನು ಕಂಡು ಅಲೆಕ್ಸಾಂಡರನಿಗೆ ಸುದ್ದಿ ಮುಟ್ಟಿಸಿದನು. ಹತ್ತೊಂಬತ್ತರ ತರುಣನಾದ ಅರಸನು ತಂದೆಯಿಂದ ನೆರವು ಬರುವವರೆಗೆ ಕಾಯಲಿಲ್ಲ. ನಗರದ ಸಮಸ್ತ ದಂಡನ್ನು ಕೂಡಿಸುವವರೆಗೂ ತಡೆಯಲಿಲ್ಲ. ಸಂತ ಸೋಫಿಯಾ ದೇವಾಲಯದಲ್ಲಿ ಪ್ರಾರ್ಥನೆ ಸಲ್ಲಿಸಿ, ತನ್ನ ಅಂಗರಕ್ಷಕ ಪಡೆಯನ್ನೂ ಕೈಗೆ ಸಿಕ್ಕಷ್ಟು ನಗರದ ಯೋಧರನ್ನೂ ಕರೆದುಕೊಂಡು ವೇಗವಾಗಿ ನಡೆದನು.

ಜುಲೈ 15ರಂದು ಅವನು ಶತ್ರುಶಿಬಿರದ ಮೇಲೆ ಅನಿರೀಕ್ಷಿತವಾಗಿ ಎರಗಿದನು. ಶತ್ರುಗಳು ಕೆಲವರು ದಡದ ಗುಡಾರಗಳಲ್ಲಿದ್ದರು, ಕೆಲವರು ಹಡಗುಗಳಲ್ಲಿದ್ದರು. ಸಾವಾ ಎಂಬ ತರುಣ ಯೋಧನು ನಾಯಕನ ದೊಡ್ಡ ಗುಡಾರದೊಳಕ್ಕೆ ನುಗ್ಗಿ ಅದರ ಕಂಬವನ್ನು ಕಡಿದು ಬೀಳಿಸಿದನೆಂದೂ, ಅದನ್ನು ಕಂಡು ರಷ್ಯದ ಪಡೆ ಹರ್ಷೋದ್ಗಾರ ಮಾಡಿತೆಂದೂ ಅಲೆಕ್ಸಾಂಡರನ ಪ್ರಾಚೀನ ಚರಿತೆಯು ವರ್ಣಿಸುತ್ತದೆ. ಸಂಜೆಯಾಗುವಷ್ಟರಲ್ಲಿ ಕಾಳಗ ಮುಗಿಯಿತು. ಉಳಿದ ಸ್ವೀಡನ್ನರು ರಾತ್ರಿಯ ಕತ್ತಲಲ್ಲಿ ಹಡಗುಗಳನ್ನೇರಿ ಹಿಂದಿರುಗಿದರು. ನೊವ್‌ಗೊರೊದಿನ ಕಡೆ ಮಡಿದವರು 20 ಜನರೆಂದು ಆ ನಗರದ ದಿನಚರಿತೆಯು ದಾಖಲಿಸಿದೆ. ಈ ಸಂಖ್ಯೆಯನ್ನು ನೋಡಿದರೆ ಇದು ಭಾರಿ ಯುದ್ಧವಾಗಿರದೆ ಚುರುಕಾದ ಒಂದು ಮುತ್ತಿಗೆಯಾಗಿತ್ತೆಂದು ತೋರುತ್ತದೆ. ಆದರೆ ಸಮುದ್ರದ ಬಾಗಿಲು ಉಳಿಯಿತು. ಈ ಜಯದ ನೆನಪಿಗಾಗಿಯೇ ಮುಂದಿನ ತಲೆಮಾರುಗಳು ಅವನನ್ನು ‘ನೆವ್‌ಸ್ಕಿ’, ಎಂದರೆ ನೇವಾ ನದಿಯವನು, ಎಂದು ಕರೆದುವು.

ಗೆದ್ದು ಬಂದವನಿಗೆ ನಗರದ ಕೃತಜ್ಞತೆ ಬಹುಕಾಲ ದೊರೆಯಲಿಲ್ಲ. ಯುದ್ಧದಿಂದ ಅರಸನ ಪ್ರಭಾವ ಮಿತಿಮೀರಿ ಬೆಳೆದೀತೆಂದು ಶ್ರೀಮಂತ ಮನೆತನಗಳು ಶಂಕಿಸಿದುವು. ಅದೇ ವರ್ಷದ ಚಳಿಗಾಲದಲ್ಲಿ ಅಲೆಕ್ಸಾಂಡರನು ಅವರೊಡನೆ ಮನಸ್ತಾಪ ಬೆಳೆಸಿಕೊಂಡು ಕುಟುಂಬಸಮೇತ ಪೆರೆಸ್ಲಾವ್ಲ್‌ಗೆ ಹೊರಟುಹೋದನು. ಇತ್ತ ಲಿವೋನಿಯದ ಧರ್ಮಯೋಧರು ಆಗಲೇ ಇಜ್ಬೋರ್ಸ್ಕ್ ಕೋಟೆಯನ್ನು ಹಿಡಿದಿದ್ದರು. ನೊವ್‌ಗೊರೊದಿಗೆ ತಮ್ಮನಂತಿದ್ದ ಪ್ಸ್ಕೋವ್ ನಗರವೂ, ಒಳಗಿನ ಕೆಲವರ ದ್ರೋಹದಿಂದ, ಅವರ ವಶವಾಗಿತ್ತು. ಕೊಪೋರ್ಯೆ ಎಂಬಲ್ಲಿ ಅವರು ಹೊಸದೊಂದು ಕೋಟೆಯನ್ನು ಕಟ್ಟಿ ನೊವ್‌ಗೊರೊದಿನ ವರ್ತಕರನ್ನು ಸುಲಿಯತೊಡಗಿದಾಗ ಜನರಿಗೆ ತಮ್ಮ ತಪ್ಪಿನ ಅರಿವಾಯಿತು. ಅವರು ದೂತರನ್ನು ಕಳುಹಿಸಿ ಅಲೆಕ್ಸಾಂಡರನನ್ನು ಮರಳಿ ಬರಬೇಕೆಂದು ಬೇಡಿಕೊಂಡರು. ಅವನು ಹಳೆಯ ಅಪಮಾನವನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ 1241ರಲ್ಲಿ ಹಿಂದಿರುಗಿದನು.

ಹಿಂದಿರುಗಿದ ವರ್ಷವೇ ಅವನು ಕೊಪೋರ್ಯೆಯನ್ನು ಗೆದ್ದು ನೆಲಸಮ ಮಾಡಿದನು. ಅಲ್ಲಿ ಸೆರೆಸಿಕ್ಕ ಜರ್ಮನರಲ್ಲಿ ಕೆಲವರನ್ನು ಬಿಡುಗಡೆ ಮಾಡಿದನು. ಶತ್ರುಗಳ ಪಕ್ಷ ವಹಿಸಿದ ಸ್ಥಳೀಯರನ್ನು ಮಾತ್ರ ನೇಣಿಗೇರಿಸಿದನು. 1242ರ ಮಾರ್ಚ್ ತಿಂಗಳಲ್ಲಿ ತಮ್ಮ ಆಂದ್ರೇಯನು ವ್ಲಾದಿಮಿರ್‌ನಿಂದ ತಂದ ಪಡೆಯ ಸಹಾಯದಿಂದ ಪ್ಸ್ಕೋವ್ ನಗರವನ್ನು ಬಿಡಿಸಿದನು. ಅಲ್ಲಿಗೇ ನಿಲ್ಲದೆ ಶತ್ರುಗಳ ಸೀಮೆಯೊಳಕ್ಕೆ ದಂಡು ನಡೆಸಿದನು. ಮುಂದೆ ಹೋಗಿದ್ದ ಅವನ ಒಂದು ತುಕಡಿ ಶತ್ರುಗಳ ಕೈಗೆ ಸಿಕ್ಕಿ ನಾಶವಾಯಿತು. ಆಗ ಅವನು ಸೈನ್ಯವನ್ನು ಹಿಂದಕ್ಕೆ ಸರಿಸಿ, ಹೆಪ್ಪುಗಟ್ಟಿದ್ದ ಪೈಪಸ್ ಸರೋವರದ ಅಂಚಿನಲ್ಲಿ ನೆಲೆ ನಿಲ್ಲಿಸಿದನು. ರಷ್ಯನರು ಚೂದ್ ಎಂದು ಕರೆಯುವ ಈ ಸರೋವರವು ಇಂದು ರಷ್ಯ ಮತ್ತು ಎಸ್ಟೋನಿಯ ದೇಶಗಳ ಗಡಿಯಲ್ಲಿದೆ.

1242ರ ಏಪ್ರಿಲ್ 5ರಂದು ಸೂರ್ಯೋದಯದ ವೇಳೆಗೆ ಎರಡು ಸೈನ್ಯಗಳೂ ಎದುರಾದುವು. ಧರ್ಮಯೋಧರ ರಣನೀತಿ ಪ್ರಸಿದ್ಧವಾದುದು. ಕಬ್ಬಿಣದ ಕವಚ ತೊಟ್ಟ ಅಶ್ವಾರೋಹಿಗಳು ಬೆಣೆಯ ಆಕಾರದಲ್ಲಿ ನಿಂತು, ಎದುರಾಳಿಯ ನಡುಭಾಗವನ್ನು ಸೀಳಿ ಇಬ್ಭಾಗ ಮಾಡುತ್ತಿದ್ದರು. ರಷ್ಯನರು ಈ ವ್ಯೂಹವನ್ನು ‘ಹಂದಿ’ ಎಂದು ಕರೆಯುತ್ತಿದ್ದರು. ಹಂದಿಯ ಮೂತಿಯಂತೆ ಅದು ಇರಿದು ಒಳನುಗ್ಗುತ್ತಿತ್ತು. ಅಂದೂ ಹಾಗೆಯೇ ಆಯಿತು. ಬೆಣೆಯು ರಷ್ಯದ ಸೈನ್ಯವನ್ನು ಹೊಕ್ಕಿತು. ಆದರೆ ಸೈನ್ಯ ಚದರಲಿಲ್ಲ. ಸಂಖ್ಯೆಯಲ್ಲಿ ಹೆಚ್ಚಾಗಿದ್ದ ರಷ್ಯನರು ಶತ್ರುಗಳನ್ನು ಸುತ್ತುವರಿದರು. ಧರ್ಮಯೋಧರ ಜೊತೆಗಿದ್ದ ಎಸ್ಟೋನಿಯನ್ ಕಾಲಾಳುಗಳು ಬೆನ್ನು ತೋರಿಸಿ ಓಡಿದರು. ಗೆದ್ದವರು ಸೋತವರನ್ನು ಹಿಮದ ಹಾಸಿನ ಮೇಲೆ ಏಳು ‘ವೆರ್ಸ್ತ್’ಗಳ ದೂರ, ಎಂದರೆ ಸುಮಾರು ಏಳೂವರೆ ಕಿಲೋಮೀಟರುಗಳವರೆಗೆ, ಬೆನ್ನಟ್ಟಿದರು.

ಈ ಕಾಳಗದ ಲೆಕ್ಕವನ್ನು ಎರಡು ಪಕ್ಷದವರೂ ಬರೆದಿಟ್ಟಿದ್ದಾರೆ. ನೊವ್‌ಗೊರೊದಿನ ದಿನಚರಿತೆಯು 400 ಜರ್ಮನರು ಸತ್ತರೆಂದೂ 50 ಮಂದಿ ಸೆರೆಯಾದರೆಂದೂ ಹೇಳುತ್ತದೆ. ಲಿವೋನಿಯದ ಪದ್ಯಚರಿತೆಯು ಸತ್ತ ಧರ್ಮಯೋಧರು 20, ಸೆರೆಯಾದವರು 6 ಎನ್ನುತ್ತದೆ. ಅದು ಪಂಗಡದ ಪೂರ್ಣ ಸದಸ್ಯರನ್ನು ಮಾತ್ರ ಲೆಕ್ಕ ಹಿಡಿದಿದೆ. ಅವರ ಪರಿಚಾರಕರನ್ನೂ ಇತರ ಯೋಧರನ್ನೂ ಬಿಟ್ಟಿದೆ. ಭಾರವಾದ ಕವಚಗಳ ತೂಕಕ್ಕೆ ಮಂಜುಗಡ್ಡೆ ಬಿರಿದು ಧರ್ಮಯೋಧರು ಮುಳುಗಿದರೆಂಬ ಕಥೆ ಲೋಕಪ್ರಸಿದ್ಧವಾಗಿದ್ದರೂ ಕಾಳಗದ ಸಮೀಪಕಾಲದ ಈ ಚರಿತೆಗಳಲ್ಲಿ ಅದರ ಪ್ರಸ್ತಾಪವಿಲ್ಲ. ಜಯದ ಫಲವಂತೂ ನಿಶ್ಚಿತವಾಗಿತ್ತು. ಅದೇ ವರ್ಷ ಆದ ಒಪ್ಪಂದದಂತೆ ಧರ್ಮಯೋಧರು ಹಿಡಿದಿದ್ದ ನೆಲವನ್ನೆಲ್ಲ ಬಿಟ್ಟುಕೊಟ್ಟರು. ಎರಡು ಕಡೆಯ ಸೆರೆಯಾಳುಗಳಿಗೂ ಬಿಡುಗಡೆಯಾಯಿತು.

ಇಪ್ಪತ್ತೊಂದನೆಯ ವಯಸ್ಸಿಗೆ ಇಷ್ಟು ಕೀರ್ತಿಯನ್ನು ಗಳಿಸಿದವನ ಮುಂದೆ ಅದಕ್ಕಿಂತ ಕಠಿಣವಾದ ಪರೀಕ್ಷೆ ಕಾದಿತ್ತು. ಬಾತು ಖಾನನು ವೋಲ್ಗಾ ನದಿಯ ಕೆಳಭಾಗದ ಸರಾಯ್ ಎಂಬಲ್ಲಿ ರಾಜಧಾನಿ ಮಾಡಿಕೊಂಡು ರಷ್ಯದ ಅರಸರಿಂದ ಕಪ್ಪವನ್ನು ಕೇಳತೊಡಗಿದನು. ಯಾರೇ ಅರಸನಾಗಬೇಕಾದರೂ ಖಾನನ ಸನ್ನಿಧಿಗೆ ಹೋಗಿ ಅವನ ಸನದನ್ನು ಪಡೆಯಬೇಕಾಗಿತ್ತು. ಅಲೆಕ್ಸಾಂಡರನ ತಂದೆ ಯಾರೊಸ್ಲಾವನು ದೂರದ ಮಂಗೋಲಿಯದ ಕಾರಾಕೋರಂವರೆಗೆ ಹೋಗಿ 1246ರಲ್ಲಿ ಅಲ್ಲಿಯೇ ಪ್ರಾಣಬಿಟ್ಟನು. ಅವನಿಗೆ ವಿಷವಿಕ್ಕಿದರೆಂಬ ಮಾತು ಆಗಲೇ ಹಬ್ಬಿತ್ತು. ಮರುವರ್ಷ ಅಲೆಕ್ಸಾಂಡರನೂ ಆಂದ್ರೇಯನೂ ಅದೇ ಹಾದಿಯನ್ನು ಹಿಡಿಯಬೇಕಾಯಿತು. ಹುಲ್ಲುಗಾವಲು, ಮರುಭೂಮಿ, ಪರ್ವತಗಳನ್ನು ದಾಟಿ ಹೋದ ಅಣ್ಣತಮ್ಮಂದಿರು ತಾಯ್ನಾಡಿಗೆ ಮರಳಿದ್ದು 1249ರಲ್ಲಿ.

ಈ ದೀರ್ಘ ಪ್ರಯಾಣದಲ್ಲಿ ಮಂಗೋಲರ ಸಾಮ್ರಾಜ್ಯದ ವಿಸ್ತಾರವನ್ನು ಅವನು ಕಣ್ಣಾರೆ ಕಂಡನು. ಉರಿದು ಬೂದಿಯಾದ, ಜನರಿಲ್ಲದ, ಒಗ್ಗಟ್ಟಿಲ್ಲದ ರಷ್ಯವು ಆ ಬಲವನ್ನು ಎದುರಿಸಿದರೆ ಉಳಿದಿರುವುದೂ ನಾಶವಾದೀತೆಂಬುದು ಅವನಿಗೆ ಮನದಟ್ಟಾದಂತೆ ತೋರುತ್ತದೆ. 1248ರಲ್ಲಿ ಪೋಪ್ ನಾಲ್ಕನೆಯ ಇನೊಸೆಂಟನು ಅವನಿಗೆ ಪತ್ರ ಬರೆದು ರೋಮಿನ ಮತವನ್ನು ಒಪ್ಪಿಕೊಳ್ಳಬೇಕೆಂದು ಆಹ್ವಾನಿಸಿದ್ದನು. ಅಲೆಕ್ಸಾಂಡರನು ರೋಮಿನ ಕಡೆಗೆ ಒಲಿಯಲಿಲ್ಲ. ಆಂದ್ರೇಯನ ದಾರಿ ಬೇರೆಯಾಯಿತು. ವ್ಲಾದಿಮಿರ್‌ನ ಮಹಾಪ್ರಭುವಾಗಿದ್ದ ಅವನು ಮಂಗೋಲರ ಅಧೀನತೆಯನ್ನು ಧಿಕ್ಕರಿಸಿದಾಗ 1252ರಲ್ಲಿ ನೆವ್ರೂಯ್ ಎಂಬ ಸೇನಾನಿಯ ದಂಡು ಬಂದು ನಾಡನ್ನು ಸೂರೆಮಾಡಿತು. ಆಂದ್ರೇಯನು ಸ್ವೀಡನ್ನಿಗೆ ಓಡಿಹೋದನು. ಆಗ ಖಾನನ ಸನದಿನಿಂದ ಅಲೆಕ್ಸಾಂಡರನೇ ಮಹಾಪ್ರಭುವಾದನು. ತಮ್ಮನ ಪತನದಲ್ಲಿ ಅಣ್ಣನ ಕೈವಾಡವಿತ್ತೇ ಎಂಬುದು ಇತಿಹಾಸಕಾರರಲ್ಲಿ ಇಂದಿಗೂ ವಿವಾದದ ವಿಷಯ.

ಅವನ ಬಾಳಿನ ಅತ್ಯಂತ ಕಹಿಯಾದ ಅಧ್ಯಾಯ 1257ರಲ್ಲಿ ಆರಂಭವಾಯಿತು. ತೆರಿಗೆಯನ್ನು ನಿಗದಿಮಾಡಲು ಮಂಗೋಲರು ಜನಗಣತಿಯನ್ನು ನಡೆಸಹೊರಟರು. ಅವರ ಕುದುರೆಗಳು ಎಂದೂ ಕಾಲಿಡದಿದ್ದ ನೊವ್‌ಗೊರೊದ್ ಈ ಗಣತಿಗೆ ಒಪ್ಪಲಿಲ್ಲ. ಅಲ್ಲಿ ಅರಸನಾಗಿದ್ದ ಅಲೆಕ್ಸಾಂಡರನ ಸ್ವಂತ ಮಗ ವಸೀಲಿಯೇ ಜನರ ಪಕ್ಷ ವಹಿಸಿದನು. ಅಲೆಕ್ಸಾಂಡರನು ಮಗನನ್ನು ಪದಚ್ಯುತಗೊಳಿಸಿ ಹೊರಗಟ್ಟಿದನು. ಅವನಿಗೆ ದುರ್ಬೋಧನೆ ಮಾಡಿದರೆಂದು ಕೆಲವರ ಮೂಗು ಕೊಯ್ಯಿಸಿದನು, ಕೆಲವರ ಕಣ್ಣು ಕೀಳಿಸಿದನು. 1259ರಲ್ಲಿ ಗಣತಿಯ ಅಧಿಕಾರಿಗಳು ಮತ್ತೆ ಬಂದಾಗ ಅವರನ್ನು ಜನರ ಕೋಪದಿಂದ ಕಾಪಾಡಲು ಅವನೇ ಕಾವಲು ಏರ್ಪಡಿಸಿದನು. ನೇವಾ ತೀರದಲ್ಲಿ ಯಾವ ನಗರಕ್ಕಾಗಿ ಪ್ರಾಣವನ್ನು ಒಡ್ಡಿದ್ದನೋ ಅದೇ ನಗರದ ಕೊರಳಿಗೆ ಅವನೇ ನೊಗವನ್ನು ಕಟ್ಟಿದನು. ಆದರೆ ನಗರವು ಸುಟ್ಟುಹೋಗಲಿಲ್ಲ.

ಹಾಗೆ ಉಳಿದದ್ದು ಎಂಥ ನಗರವೆಂಬುದನ್ನು ಇಪ್ಪತ್ತನೆಯ ಶತಮಾನದ ಉತ್ಖನನಗಳು ತೋರಿಸಿಕೊಟ್ಟಿವೆ. 1951ರಿಂದ ನೊವ್‌ಗೊರೊದಿನ ನೆಲದಲ್ಲಿ ಭೂರ್ಜವೃಕ್ಷದ ತೊಗಟೆಯ ಮೇಲೆ ಗೀಚಿ ಬರೆದ ಸಾವಿರಕ್ಕೂ ಹೆಚ್ಚು ಪತ್ರಗಳು ದೊರೆತಿವೆ. ಸಾಲದ ಲೆಕ್ಕ, ವ್ಯಾಪಾರದ ಸುದ್ದಿ, ಮನೆವಾರ್ತೆಯ ಮಾತು—ಎಲ್ಲವೂ ಅವುಗಳಲ್ಲಿವೆ. 1956ರಲ್ಲಿ ಸಿಕ್ಕ ಕೆಲವು ತೊಗಟೆಗಳು ಅಲೆಕ್ಸಾಂಡರನ ಕಾಲದವು; ಒನ್‌ಫಿಮ್ ಎಂಬ ಆರೇಳು ವರ್ಷದ ಬಾಲಕನು ಅವುಗಳ ಮೇಲೆ ಅಕ್ಷರಮಾಲೆಯನ್ನು ತಿದ್ದಿದ್ದಾನೆ. ತಿದ್ದಿ ಬೇಸರವಾದಾಗ ಕುದುರೆಯನ್ನೇರಿ ಶತ್ರುವನ್ನು ಈಟಿಯಿಂದ ಇರಿಯುವ ವೀರನ ಚಿತ್ರವನ್ನು ಬರೆದು ಪಕ್ಕದಲ್ಲಿ ತನ್ನ ಹೆಸರನ್ನು ಗುರುತಿಸಿದ್ದಾನೆ. ಕೀವ್, ರ‍್ಯಜಾನ್ ನಗರಗಳಿಗೆ ಬಂದ ಗತಿಯೇ ನೊವ್‌ಗೊರೊದಿಗೂ ಬಂದಿದ್ದರೆ ಇಂಥ ಬಾಲಕರು ಅಕ್ಷರ ತಿದ್ದುವ ನೆಮ್ಮದಿ ಎಲ್ಲಿಯದು?

1262ರಲ್ಲಿ ರೊಸ್ತೋವ್, ಸುಜ್ದಾಲ್, ವ್ಲಾದಿಮಿರ್ ಮುಂತಾದ ನಗರಗಳ ಜನರು ತೆರಿಗೆಯ ಗುತ್ತಿಗೆದಾರರ ಸುಲಿಗೆಯನ್ನು ಸಹಿಸಲಾರದೆ ದಂಗೆಯೆದ್ದು ಅವರನ್ನು ಹೊಡೆದೋಡಿಸಿದರು. ಸೇಡಿನ ದಂಡು ಬರುವುದು ಖಂಡಿತವೆನಿಸಿತು. ಜೊತೆಗೆ ತಮ್ಮ ಯುದ್ಧಗಳಿಗೆ ರಷ್ಯದ ತರುಣರನ್ನು ಕಳುಹಿಸಬೇಕೆಂಬ ಒತ್ತಾಯವೂ ಮಂಗೋಲರಿಂದ ಬಂದಿತ್ತು. ಅಲೆಕ್ಸಾಂಡರನು ಮತ್ತೊಮ್ಮೆ ಸರಾಯ್‌ಗೆ ಹೋಗಿ ಆಗ ಖಾನನಾಗಿದ್ದ ಬೆರ್ಕೆಯ ಮುಂದೆ ತನ್ನ ಜನರಿಗಾಗಿ ಬಿನ್ನಹ ಮಾಡಿಕೊಂಡನು. ಸೇಡಿನ ದಂಡು ಬರಲಿಲ್ಲ. ಆದರೆ ತಿಂಗಳುಗಟ್ಟಲೆ ಅಲ್ಲಿ ತಡೆಹಿಡಿಯಲ್ಪಟ್ಟ ಅವನು ರೋಗಗ್ರಸ್ತನಾಗಿ ಹಿಂದಿರುಗುವ ದಾರಿಯಲ್ಲಿಯೇ ವೋಲ್ಗಾ ತೀರದ ಗೊರೊದೆತ್ಸ್ ಎಂಬಲ್ಲಿ 1263ರ ನವೆಂಬರ್ 14ರಂದು ಅಸುನೀಗಿದನು. ಆಗಿನ ಪದ್ಧತಿಯಂತೆ ಸಾಯುವ ಮೊದಲು ಸನ್ಯಾಸವನ್ನು ಸ್ವೀಕರಿಸಿ ಅಲೆಕ್ಸಿ ಎಂಬ ಹೆಸರನ್ನು ಪಡೆದಿದ್ದನು. ಅವನ ದೇಹವನ್ನು ವ್ಲಾದಿಮಿರ್‌ನ ಮಠದಲ್ಲಿ ಸಮಾಧಿ ಮಾಡಿದರು. ಆಗ ಅವನಿಗೆ ಇನ್ನೂ ನಲವತ್ತೆರಡು ವರ್ಷ.

ಅಲೆಕ್ಸಾಂಡರನ ನೀತಿಯನ್ನು ಎಲ್ಲರೂ ಒಂದೇ ತಕ್ಕಡಿಯಲ್ಲಿ ತೂಗಿಲ್ಲ. ಪಶ್ಚಿಮದಲ್ಲಿ ಹೋರಾಡಿದ್ದು, ಪೂರ್ವದಲ್ಲಿ ತಗ್ಗಿ ನಡೆದದ್ದು ಎರಡೂ ಸಮಾನವಾದ ಸಾಹಸಗಳೆಂದು ಜಾರ್ಜ್ ವೆರ್ನಾದ್ಸ್ಕಿ ಎಂಬ ಇತಿಹಾಸಕಾರನು 1925ರಲ್ಲಿ ವಾದಿಸಿದನು. ಮಂಗೋಲರು ಕಪ್ಪವನ್ನು ಕೇಳಿದರೇ ಹೊರತು ಜನರ ಧರ್ಮಕ್ಕೆ ಕೈಹಾಕಲಿಲ್ಲ ಎಂಬುದು ಅವನ ವಾದದ ತಿರುಳು. ಇಂಗ್ಲೆಂಡಿನ ವಿದ್ವಾಂಸ ಜಾನ್ ಫೆನೆಲ್ ಇದನ್ನು ಒಪ್ಪಲಿಲ್ಲ. ನೇವಾ ಮತ್ತು ಪೈಪಸ್ ಕಾಳಗಗಳ ಮಹತ್ತ್ವವನ್ನು ಮುಂದಿನವರು ಹಿಗ್ಗಿಸಿದ್ದಾರೆಂದೂ, ಅಲೆಕ್ಸಾಂಡರನ ಶರಣಾಗತಿಯಿಂದ ಮಂಗೋಲರ ಆಳಿಕೆ ಬಲಗೊಂಡಿತೆಂದೂ ಅವನ ಅಭಿಪ್ರಾಯ. ಕಾಳಗದಲ್ಲಿ ಸತ್ತವರನ್ನು ಎಣಿಸಬಹುದು. ಕಾಳಗವನ್ನು ತಪ್ಪಿಸಿದ್ದರಿಂದ ಬದುಕಿದವರನ್ನು ಎಣಿಸುವುದು ಹೇಗೆ? ಈ ವಿವಾದ ಮುಗಿಯದಿರುವುದಕ್ಕೆ ಇದೇ ಕಾರಣ.

ಅವನ ಮರಣಾನಂತರ ಕಾಲವು ಅವನ ಬೀಜವನ್ನು ಎಲ್ಲಿಯೋ ಬಿತ್ತಿ ಎಲ್ಲಿಯೋ ಬೆಳೆಯಿತು. ಅವನ ಕಿರಿಯ ಮಗನಾದ ದನೀಲನ ಪಾಲಿಗೆ ಬಂದದ್ದು ಆಗ ಯಾರೂ ಲೆಕ್ಕಕ್ಕೆ ಹಿಡಿಯದಿದ್ದ ಮಾಸ್ಕೋ ಎಂಬ ಸಣ್ಣ ಪಟ್ಟಣ. ಅದೇ ಪಟ್ಟಣ ಮುಂದೆ ರಷ್ಯದ ರಾಜಧಾನಿಯಾಯಿತು. ದನೀಲನ ವಂಶಸ್ಥನಾದ ದ್ಮಿತ್ರಿ ದೊನ್‌ಸ್ಕೊಯ್ 1380ರಲ್ಲಿ ಕುಲಿಕೊವೊ ಬಯಲಿನಲ್ಲಿ ಮಂಗೋಲರ ದಂಡನ್ನು ಸೋಲಿಸಿದನು. ಅದೇ ಮನೆತನದ ಮೂರನೆಯ ಇವಾನನ ಕಾಲದಲ್ಲಿ, 1480ರಲ್ಲಿ, ಆ ನೊಗವು ಸಂಪೂರ್ಣವಾಗಿ ಕಳಚಿಬಿದ್ದಿತು.

ರಷ್ಯದ ಧರ್ಮಪೀಠವು 1547ರಲ್ಲಿ ಅಲೆಕ್ಸಾಂಡರನನ್ನು ಸಂತನೆಂದು ಘೋಷಿಸಿತು. ನೇವಾ ನದಿಯ ಮುಖದಲ್ಲಿ ಹೊಸ ರಾಜಧಾನಿಯನ್ನು ಕಟ್ಟಿಸಿದ ಪೀಟರ್ ಮಹಾಶಯನು 1724ರಲ್ಲಿ ಅವನ ಅಸ್ಥಿಗಳನ್ನು ವ್ಲಾದಿಮಿರ್‌ನಿಂದ ತರಿಸಿ, ಅವನ ಹೆಸರಿನ ಮಠದಲ್ಲಿ ಇರಿಸಿದನು. 1725ರಲ್ಲಿ ಅವನ ಹೆಸರಿನ ಪದಕವೊಂದು ಸ್ಥಾಪನೆಯಾಯಿತು. 1917ರ ಕ್ರಾಂತಿಯ ನಂತರ ಸಂತರಿಗೂ ಅರಸರಿಗೂ ಮನ್ನಣೆ ಕುಗ್ಗಿತು. 1922ರಲ್ಲಿ ಆ ಅಸ್ಥಿಗಳನ್ನು ಮಠದಿಂದ ತೆಗೆದು ವಸ್ತುಸಂಗ್ರಹಾಲಯಕ್ಕೆ ಸಾಗಿಸಲಾಯಿತು. ಆದರೆ ಜರ್ಮನಿಯ ಕಡೆಯಿಂದ ಮತ್ತೆ ಯುದ್ಧದ ಮೋಡ ಕವಿದಾಗ ಅವನ ನೆನಪು ಮರಳಿತು. 1938ರಲ್ಲಿ ಸೆರ್ಗೆಯ್ ಐಸೆನ್‌ಸ್ಟೈನನು ಅವನ ಬಗ್ಗೆ ಚಲನಚಿತ್ರವನ್ನು ನಿರ್ಮಿಸಿದನು. ಪ್ರೊಕೊಫಿಯೆವನು ಅದಕ್ಕೆ ಸಂಗೀತವನ್ನು ಒದಗಿಸಿದನು. ಮಂಜುಗಡ್ಡೆ ಬಿರಿದು ಧರ್ಮಯೋಧರು ಮುಳುಗುವ ದೃಶ್ಯ ಜಗತ್ತಿನ ಕಣ್ಣಿನಲ್ಲಿ ನಿಂತದ್ದು ಈ ಚಿತ್ರದಿಂದಲೇ. 1939ರಲ್ಲಿ ಸೋವಿಯತ್ ಸರ್ಕಾರವು ಜರ್ಮನಿಯೊಡನೆ ಒಪ್ಪಂದ ಮಾಡಿಕೊಂಡಾಗ ಚಿತ್ರದ ಪ್ರದರ್ಶನವನ್ನು ನಿಲ್ಲಿಸಲಾಯಿತು. 1941ರಲ್ಲಿ ಜರ್ಮನಿಯು ದಾಳಿಮಾಡಿದೊಡನೆ ಅದು ಮತ್ತೆ ತೆರೆಗೆ ಬಂದಿತು. 1942ರಲ್ಲಿ ಸೇನಾಧಿಕಾರಿಗಳಿಗಾಗಿ ಅವನ ಹೆಸರಿನ ಪದಕವೂ ಮತ್ತೆ ಹುಟ್ಟಿತು. ಅಲೆಕ್ಸಾಂಡರನ ಕಾಲದ ಭಾವಚಿತ್ರ ದೊರೆಯದಿದ್ದುದರಿಂದ ಅದರ ಮೇಲೆ ಕೆತ್ತಿದ್ದು ಚಿತ್ರದ ನಾಯಕನಟ ಚೆರ್ಕಾಸೊವನ ಮುಖವನ್ನು.

1989ರಲ್ಲಿ ಅವನ ಅಸ್ಥಿಗಳು ಮಠಕ್ಕೆ ಹಿಂದಿರುಗಿದುವು. 2008ರಲ್ಲಿ ರಷ್ಯದ ದೂರದರ್ಶನವು ನಾಡಿನ ಅತ್ಯಂತ ಹಿರಿಯ ವ್ಯಕ್ತಿ ಯಾರೆಂದು ಜನರ ಮತ ಕೇಳಿದಾಗ ಮೊದಲ ಸ್ಥಾನ ಅವನಿಗೇ ದೊರೆಯಿತು. ಒಂದೊಂದು ಕಾಲವೂ ತನಗೆ ಬೇಕಾದ ಅಲೆಕ್ಸಾಂಡರನನ್ನು ಆರಿಸಿಕೊಂಡಿದೆ. ಧರ್ಮಪೀಠಕ್ಕೆ ಅವನು ಸಂತ, ಚಕ್ರವರ್ತಿಗಳಿಗೆ ರಾಜ್ಯಸ್ಥಾಪಕ, ಯುದ್ಧಕಾಲದ ಸರ್ಕಾರಕ್ಕೆ ವೀರ. ಇತಿಹಾಸವನ್ನು ಓದುವವನು ಅವನನ್ನು ಇಡಿಯಾಗಿ ನೋಡಬೇಕು: ನೇವಾ ತೀರದ ಧೀರನನ್ನೂ, ನೊವ್‌ಗೊರೊದಿನಲ್ಲಿ ಕಣ್ಣು ಕೀಳಿಸಿದ ನಿಷ್ಠುರನನ್ನೂ, ಖಾನನ ಬಾಗಿಲಲ್ಲಿ ಜನರಿಗಾಗಿ ಕೈಮುಗಿದು ನಿಂತ ರೋಗಿಯನ್ನೂ. ನಾಡನ್ನು ಕಾಯುವ ಕಾರ್ಯವು ಕೆಲವೊಮ್ಮೆ ಜಯಘೋಷವನ್ನು ತರುತ್ತದೆ, ಕೆಲವೊಮ್ಮೆ ಅಪಕೀರ್ತಿಯನ್ನು ತರುತ್ತದೆ. ಎರಡನ್ನೂ ಹೊರಲು ಸಿದ್ಧನಾಗಿದ್ದುದರಿಂದಲೇ ಅವನ ಹೆಸರು ಏಳೂವರೆ ಶತಮಾನಗಳಾದರೂ ಅಳಿಸಿಹೋಗಿಲ್ಲ.